‘ಸಾರಿ’ ಎಂದರೆ ಸಾಕೆ?

ಇಂಗ್ಲಿಷ್ ಮಾತನಾಡುವ ದೇಶಕ್ಕೆ ಕೆಲಸಕ್ಕೆಂದು ಹೋದ ಕನ್ನಡಿಗನೊಬ್ಬ, ಊರಿನಲ್ಲಿ ತಂದೆ ತೀರಿಕೊಂಡ ಸುದ್ದಿಯನ್ನು ಕಚೇರಿಯಲ್ಲಿ ತಿಳಿಸಿದನೆನ್ನಿ. ಪಕ್ಕದ ಮೇಜಿನವರು ಎದ್ದು ಬಂದು, ದನಿ ತಗ್ಗಿಸಿ, ‘ಐ ಆಮ್ ಸಾರಿ’ ಎನ್ನುತ್ತಾರೆ. ಶಾಲೆಯಲ್ಲಿ ‘ಸಾರಿ’ ಎಂದರೆ ‘ಕ್ಷಮಿಸಿ’ ಎಂದು ಕಲಿತವನಿಗೆ ಒಂದು ಕ್ಷಣ ತಬ್ಬಿಬ್ಬು. ಅಪ್ಪ ಸತ್ತದ್ದಕ್ಕೆ ಇವರೇಕೆ ಕ್ಷಮೆ ಕೇಳಬೇಕು? ಇದರಲ್ಲಿ ಇವರ ತಪ್ಪೇನಿದೆ?

ತಪ್ಪೇನೂ ಇಲ್ಲ. ಅವರು ಕ್ಷಮೆಯನ್ನು ಕೇಳಿಯೂ ಇಲ್ಲ. ‘ನಿನ್ನ ದುಃಖ ಕಂಡು ನನಗೂ ನೋವಾಗಿದೆ’ ಎಂದಷ್ಟೇ ಅವರ ಮಾತಿನ ಅರ್ಥ. ಆದರೆ ಅದೇ ಜನ, ಅದೇ ದಿನ, ಬಸ್ಸಿನಲ್ಲಿ ಇನ್ನೊಬ್ಬರ ಕಾಲು ತುಳಿದರೂ ‘ಸಾರಿ’ ಎನ್ನುತ್ತಾರೆ. ಅಲ್ಲಿ ಅದರ ಅರ್ಥ ‘ನನ್ನಿಂದ ತಪ್ಪಾಯಿತು’ ಎಂದು. ಹೀಗೆ ಒಂದೇ ಪದದೊಳಗೆ ಎರಡು ಸಂಗತಿಗಳು ಮನೆ ಮಾಡಿಕೊಂಡಿವೆ. ಒಂದು ಮರುಕ, ಇನ್ನೊಂದು ತಪ್ಪೊಪ್ಪಿಗೆ. ದಿನನಿತ್ಯದ ಬಾಳಿನಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಎರಡು ದೇಶಗಳ ನಡುವೆ, ಸರ್ಕಾರ ಮತ್ತು ಪ್ರಜೆಗಳ ನಡುವೆ, ವೈದ್ಯ ಮತ್ತು ರೋಗಿಯ ನಡುವೆ ಈ ಪದ ಬಂದು ನಿಂತಾಗ, ‘ಯಾವ ಅರ್ಥದ ಸಾರಿ?’ ಎಂಬ ಪ್ರಶ್ನೆ ಬಹಳ ದೊಡ್ಡದಾಗುತ್ತದೆ.

ಹುಣ್ಣಿನಿಂದ ಹುಟ್ಟಿದ ಪದ

‘ಸಾರಿ’ ಪದದ ಬೇರು ಹಳೆಯ ಇಂಗ್ಲಿಷಿನ ‘ಸಾರಿಗ್’ ಎಂಬ ರೂಪದಲ್ಲಿದೆ. ನೋವು, ಗಾಯ ಎಂಬ ಅರ್ಥದ ‘ಸಾರ್’ ಎಂಬುದರಿಂದ ಅದು ಹುಟ್ಟಿತು. ಇಂದಿನ ಇಂಗ್ಲಿಷಿನಲ್ಲಿ ಹುಣ್ಣಿಗೆ, ನೋಯುವ ಗಂಟಲಿಗೆ ಬಳಸುವ ‘ಸೋರ್’ ಎಂಬ ಪದವೂ ಅದರ ಸಂತಾನವೇ. ಎಂದರೆ, ಮೂಲದಲ್ಲಿ ‘ಸಾರಿ’ ಎಂದವನು ‘ನಾನು ನೊಂದಿದ್ದೇನೆ’ ಎಂದು ಹೇಳುತ್ತಿದ್ದ. ತಪ್ಪಿನ ಪ್ರಸ್ತಾಪ ಅದರಲ್ಲಿ ಇರಲೇಬೇಕೆಂದಿರಲಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ದುಃಖ ಎಂಬರ್ಥದ ‘ಸಾರೋ’ ಎಂಬ ಪದಕ್ಕೂ ‘ಸಾರಿ’ಗೂ ರೂಪದಲ್ಲಿ, ಅರ್ಥದಲ್ಲಿ ಎಷ್ಟೊಂದು ಸಾಮ್ಯವಿದೆಯೆಂದರೆ ಅವೆರಡೂ ಒಂದೇ ತಾಯಿಯ ಮಕ್ಕಳೆಂದು ಯಾರೂ ಭಾವಿಸಬೇಕು. ವಾಸ್ತವದಲ್ಲಿ ಅವು ಬೇರೆ ಬೇರೆ ಮನೆತನದವು. ‘ಸಾರೋ’ ಬಂದದ್ದು ‘ಸೋರ್ಗ್’ ಎಂಬ ಬೇರೊಂದು ಹಳೆಯ ಪದದಿಂದ. ಜರ್ಮನ್ ಭಾಷೆಯಲ್ಲಿ ಚಿಂತೆಗೆ ಇರುವ ‘ಝೋರ್ಗೆ’ ಎಂಬ ಪದ ಅದರ ಬಂಧು. ನೂರಾರು ವರ್ಷ ಅಕ್ಕಪಕ್ಕದಲ್ಲಿ ಬಾಳಿದ ಫಲವಾಗಿ ‘ಸಾರಿ’ಯ ಉಚ್ಚಾರಣೆ ‘ಸಾರೋ’ವಿನ ಕಡೆಗೆ ವಾಲಿತು. ನೆರೆಹೊರೆಯವರು ಕ್ರಮೇಣ ಒಬ್ಬರಂತೆ ಒಬ್ಬರು ಕಾಣತೊಡಗಿದ ಹಾಗೆ!

ಮಧ್ಯಯುಗದಲ್ಲಿ ಈ ಪದಕ್ಕೆ ಮತ್ತೊಂದು ಕವಲು ಮೂಡಿತು. ನೊಂದವನು ಎಂಬ ಅರ್ಥ, ನೋಡಿದವರಿಗೆ ಅಯ್ಯೋ ಎನಿಸುವಂಥದ್ದು ಎಂಬ ಅರ್ಥಕ್ಕೆ ಜಾರಿ, ಕೊನೆಗೆ ‘ದೈನ್ಯದ’, ‘ಕೆಲಸಕ್ಕೆ ಬಾರದ’ ಎಂಬಲ್ಲಿಗೆ ಮುಟ್ಟಿತು. ಹಾಳುಬಿದ್ದ ಕಟ್ಟಡವನ್ನು ‘ಸಾರಿ ಸ್ಟೇಟ್’ನಲ್ಲಿದೆ ಎನ್ನುವುದೂ, ಸಭೆಯಲ್ಲಿ ಪೇಚಿಗೆ ಸಿಕ್ಕವನನ್ನು ‘ಸಾರಿ ಫಿಗರ್’ ಎನ್ನುವುದೂ ಈ ಕವಲಿನಿಂದಲೇ.

ಹಾಗಾದರೆ ಕ್ಷಮೆಯ ಅರ್ಥ ಸೇರಿಕೊಂಡದ್ದು ಹೇಗೆ? ‘ನಾನು ಮಾಡಿದ್ದಕ್ಕೆ ನಾನೇ ನೊಂದಿದ್ದೇನೆ’ ಎಂಬ ಪಶ್ಚಾತ್ತಾಪದ ಬಳಕೆ ಬಹಳ ಹಳೆಯದು. ಆದರೆ ವಾಕ್ಯದ ಹಂಗಿಲ್ಲದೆ, ‘ಸಾರಿ’ ಎಂಬ ಒಂದೇ ಪದವನ್ನು ಉದ್ಗಾರದಂತೆ ಎಸೆದು ಮುಂದೆ ನಡೆಯುವ ರೂಢಿ ಅದಕ್ಕಿಂತ ಬಹಳ ಈಚಿನದು. ಅದಕ್ಕೆ ಮೊದಲು ಆ ಜಾಗದಲ್ಲಿ ‘ನಿಮ್ಮ ಕ್ಷಮೆ ಬೇಡುತ್ತೇನೆ’ ಎಂಬರ್ಥದ ‘ಐ ಬೆಗ್ ಯುವರ್ ಪಾರ್ಡನ್’ ಎಂಬ ಉದ್ದನೆಯ ವಾಕ್ಯವಿತ್ತು. ಬದಲಾವಣೆಯನ್ನು ಗಮನಿಸಿ. ಹಳೆಯ ಮಾತು ಎದುರಿನವರಿಂದ ಏನನ್ನೋ ಬೇಡುತ್ತಿತ್ತು. ಹೊಸ ಮಾತು ಹೇಳುವವನ ಮನಸ್ಸಿನ ಸ್ಥಿತಿಯನ್ನಷ್ಟೇ ತಿಳಿಸುತ್ತದೆ.

ಅಂದಹಾಗೆ, ಕ್ಷಮಾಪಣೆಗೆ ಇಂಗ್ಲಿಷಿನಲ್ಲಿರುವ ಗಂಭೀರ ಪದ ‘ಅಪಾಲಜಿ’ಯ ಕಥೆ ಇನ್ನೂ ವಿಚಿತ್ರ. ಗ್ರೀಕಿನ ‘ಅಪೊಲೊಗಿಯಾ’ ಎಂದರೆ ನ್ಯಾಯಾಲಯದಲ್ಲಿ ಆರೋಪಿ ತನ್ನ ಸಮರ್ಥನೆಗಾಗಿ ಮಾಡುವ ಭಾಷಣ. ಪ್ಲೇಟೋ ಬರೆದ ಸಾಕ್ರೆಟಿಸನ ‘ಅಪಾಲಜಿ’ಯಲ್ಲಿ ಸಾಕ್ರೆಟಿಸ್ ಯಾರ ಕ್ಷಮೆಯನ್ನೂ ಕೇಳುವುದಿಲ್ಲ, ತಾನು ಮಾಡಿದ್ದು ಸರಿಯೆಂದೇ ವಾದಿಸುತ್ತಾನೆ. ಸಮರ್ಥನೆಯ ಪದ ಕ್ಷಮೆಯ ಪದವಾಯಿತು, ನೋವಿನ ಪದವೂ ಕ್ಷಮೆಯ ಪದವಾಯಿತು.

ಕನ್ನಡಕ್ಕೆ ಬಂದ ಮೇಲೆ

‘ಸಾರಿ’ ಕನ್ನಡಕ್ಕೆ ಬಂದದ್ದು ಈ ಎರಡು ಅರ್ಥಗಳಲ್ಲಿ ಒಂದನ್ನು ದಾರಿಯಲ್ಲೇ ಕಳಚಿಟ್ಟು. ‘ಅವನ ಹತ್ತಿರ ಹೋಗಿ ಸಾರಿ ಕೇಳು’ ಎಂದು ಮಕ್ಕಳಿಗೆ ಹೇಳುವುದುಂಟು. ಇಂಗ್ಲಿಷಿನಲ್ಲಿ ‘ಸಾರಿ’ಯನ್ನು ಯಾರೂ ಕೇಳುವುದಿಲ್ಲ, ಹೇಳುತ್ತಾರೆ. ಕನ್ನಡದಲ್ಲಿ ಅದನ್ನು ಕೇಳುತ್ತೇವೆ, ಏಕೆಂದರೆ ಅದು ಬಂದು ಕುಳಿತದ್ದು ‘ಕ್ಷಮೆ’ಯ ಪೀಠದಲ್ಲಿ. ಕ್ಷಮೆಯನ್ನು ಕೇಳಬೇಕು, ಆದ್ದರಿಂದ ‘ಸಾರಿ’ಯನ್ನೂ ಕೇಳಬೇಕು. ಸಾವಿನ ಮನೆಗೆ ಹೋದ ಕನ್ನಡಿಗ ‘ಸಾರಿ’ ಎನ್ನುವುದು ಅಪರೂಪ. ಅಲ್ಲಿ ಮೌನವಾಗಿ ಕೈ ಹಿಡಿಯುವುದುಂಟು, ‘ಹೀಗಾಗಬಾರದಿತ್ತು’ ಎನ್ನುವುದುಂಟು. ನಮ್ಮ ಸಿನಿಮಾಗಳಲ್ಲಿ ಶಸ್ತ್ರಚಿಕಿತ್ಸೆಯ ಕೋಣೆಯಿಂದ ಹೊರಬಂದು ಕನ್ನಡಕ ತೆಗೆದು ‘ಐ ಆಮ್ ಸಾರಿ’ ಎನ್ನುವ ಡಾಕ್ಟರೊಬ್ಬನೇ ಹಳೆಯ ಅರ್ಥವನ್ನು ಉಳಿಸಿಕೊಂಡವನು!

ಕನ್ನಡದ್ದೇ ಆದ ಮಾತುಗಳ ರಚನೆ ಬೇರೆ. ‘ಕ್ಷಮಿಸಿ’ ಎಂದಾಗ ಕ್ರಿಯೆ ಎದುರಿನವರದು. ಕ್ಷಮಿಸುವುದೂ ಬಿಡುವುದೂ ಅವರ ಕೈಯಲ್ಲಿದೆ. ‘ತಪ್ಪಾಯಿತು’ ಎಂದಾಗ ವಾಕ್ಯದಲ್ಲಿ ಮುಂದೆ ನಿಲ್ಲುವುದು ತಪ್ಪು. ‘ಹೊಟ್ಟೆಗೆ ಹಾಕಿಕೊಳ್ಳಿ’ ಎಂಬ ಮಾತಿನಲ್ಲಂತೂ ತಪ್ಪನ್ನು ನುಂಗಿ ಅರಗಿಸಿಕೊಳ್ಳುವ ಕಷ್ಟ ನೊಂದವರದೇ ಎಂಬ ಅರಿವಿದೆ. ದೇವರಿಗೆ ನಡೆದುಕೊಳ್ಳುವುದರಲ್ಲಿ ಲೋಪವಾದರೆ ‘ತಪ್ಪುಕಾಣಿಕೆ’ ಒಪ್ಪಿಸುವ ರೂಢಿ ಇದೆ. ಬರಿಯ ಮಾತಿನಿಂದ ತಪ್ಪು ತೀರುವುದಿಲ್ಲ, ಕೈಯಿಂದ ಏನಾದರೂ ಕೊಡಬೇಕು ಎಂಬ ಎಣಿಕೆ ಅದರ ಹಿಂದಿದೆ. ಇವುಗಳ ಜೊತೆಗೆ ‘ಸಾರಿ’ ಸೇರಿಕೊಂಡ ಮೇಲೆ ಒಂದು ಕೆಲಸದ ಹಂಚಿಕೆಯಾಯಿತು. ಭುಜ ತಗುಲಿದರೆ, ತಡವಾಗಿ ಬಂದರೆ, ತಪ್ಪು ನಂಬರಿಗೆ ಫೋನು ಮಾಡಿದರೆ ‘ಸಾರಿ’. ಮನಸ್ಸು ಮುರಿಯುವಂಥ ತಪ್ಪಾದಾಗ ಹಿರಿಯರು ಇಂದಿಗೂ ಕಾಯುವುದು ‘ತಪ್ಪಾಯಿತು’ ಎಂಬ ಮಾತಿಗೆ.

ವರ್ಣನೆಯೋ ಕ್ರಿಯೆಯೋ?

ಈ ಇಬ್ಬಂದಿತನವನ್ನು ತತ್ವಶಾಸ್ತ್ರಜ್ಞರೂ ಗಮನಿಸಿದ್ದಾರೆ. ಆಕ್ಸ್‌ಫರ್ಡಿನ ಜೆ. ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನೀಡಿದ, 1962ರಲ್ಲಿ ಪುಸ್ತಕವಾಗಿ ಪ್ರಕಟವಾದ ಉಪನ್ಯಾಸಗಳಲ್ಲಿ, ಮಾತೆಂದರೆ ಬರಿಯ ವರ್ಣನೆಯಲ್ಲ, ಎಷ್ಟೋ ಸಲ ಅದೇ ಒಂದು ಕೆಲಸ ಎಂದು ತೋರಿಸಿಕೊಟ್ಟರು. ‘ಮಾತು ಕೊಡುತ್ತೇನೆ’ ಎಂದು ಹೇಳುವುದೇ ಮಾತು ಕೊಡುವುದು. ‘ಐ ಅಪಾಲಜೈಸ್’ ಎಂದು ಹೇಳುವುದೇ ಕ್ಷಮೆ ಕೇಳುವುದು. ಆದರೆ ‘ಐ ಆಮ್ ಸಾರಿ’ ಈ ಎರಡರ ನಡುವೆ ತೂಗಾಡುತ್ತದೆ. ಅದು ಅರ್ಧ ವರ್ಣನೆ, ಅರ್ಧ ಕ್ರಿಯೆ. ಹೇಳಿದವನು ಬೇಕಾದಾಗ ‘ನಾನು ಕ್ಷಮೆ ಕೇಳಿದ್ದೆನಲ್ಲ’ ಎನ್ನಬಹುದು, ಬೇಡವಾದಾಗ ‘ನೋವಾಯಿತು ಎಂದಷ್ಟೇ ಹೇಳಿದ್ದೆ’ ಎಂದು ಜಾರಿಕೊಳ್ಳಬಹುದು.

ಜಾರಿಕೊಳ್ಳಲು ನೆರವಾಗುವ ಬಾಲಂಗೋಚಿಗಳೂ ಇವೆ. ‘ಸಾರಿ, ಆದರೆ...’ ಎಂದು ಶುರುವಾದ ವಾಕ್ಯದಲ್ಲಿ ‘ಆದರೆ’ಯ ನಂತರ ಬರುವುದೇ ನಿಜವಾದ ಮಾತು. ‘ನಿಮಗೆ ನೋವಾಗಿದ್ದರೆ ಸಾರಿ’ ಎಂಬಲ್ಲಿ ‘ಆಗಿದ್ದರೆ’ ಎಂಬ ಒಂದು ಪ್ರತ್ಯಯ ತಪ್ಪನ್ನೇ ಸಂಶಯಕ್ಕೆ ಒಡ್ಡುತ್ತದೆ. ನಮ್ಮ ರಾಜಕಾರಣಿಗಳ ಹೇಳಿಕೆಗಳಲ್ಲೂ ‘ಯಾರಿಗಾದರೂ ಬೇಸರವಾಗಿದ್ದರೆ ವಿಷಾದಿಸುತ್ತೇನೆ’ ಎಂಬ ಅಚ್ಚು ಚಿರಪರಿಚಿತ. ‘ವಿಷಾದ’ ಮತ್ತು ‘ಕ್ಷಮೆ’ ಎರಡು ಬೇರೆ ಪದಗಳಾಗಿರುವುದರಿಂದ ಕನ್ನಡ ಪತ್ರಿಕೆಗಳು ಯಾರು ಯಾವುದನ್ನು ವ್ಯಕ್ತಪಡಿಸಿದರೆಂದು ಶೀರ್ಷಿಕೆಯಲ್ಲೇ ಹೇಳಿಬಿಡಬಲ್ಲವು. ಇಂಗ್ಲಿಷಿನ ‘ಸಾರಿ’ಗೆ ಆ ಪಾರದರ್ಶಕತೆ ಇಲ್ಲ. ಕೆಲವೊಮ್ಮೆ ಅದೇ ಅದರ ಉಪಯೋಗ.

ಇಪ್ಪತ್ತನಾಲ್ಕು ಜನರನ್ನು ಬಿಡಿಸಿದ ಪದ

2001ರ ಏಪ್ರಿಲ್ 1ರಂದು ಅಮೆರಿಕದ ಗೂಢಚರ್ಯೆ ವಿಮಾನವೊಂದು ದಕ್ಷಿಣ ಚೀನಾ ಸಮುದ್ರದ ಮೇಲೆ ಚೀನಾದ ಯುದ್ಧವಿಮಾನದೊಂದಿಗೆ ಡಿಕ್ಕಿ ಹೊಡೆಯಿತು. ಚೀನಾದ ಪೈಲಟ್ ವಾಂಗ್ ವೇ ಸಮುದ್ರದಲ್ಲಿ ಕಾಣೆಯಾದ. ಜಖಂಗೊಂಡ ಅಮೆರಿಕದ ವಿಮಾನ ಅನುಮತಿಯಿಲ್ಲದೆ ಚೀನಾದ ಹೈನಾನ್ ದ್ವೀಪದಲ್ಲಿ ಇಳಿಯಿತು. ಅದರಲ್ಲಿದ್ದ 24 ಸಿಬ್ಬಂದಿಯನ್ನು ಚೀನಾ ವಶಕ್ಕೆ ತೆಗೆದುಕೊಂಡಿತು.

ಚೀನಾ ಕ್ಷಮಾಪಣೆಗೆ ಪಟ್ಟುಹಿಡಿಯಿತು. ತಪ್ಪು ತನ್ನದಲ್ಲವೆಂದು ಅಮೆರಿಕ ಹೇಳಿತು. ಹನ್ನೊಂದು ದಿನಗಳ ಹಗ್ಗಜಗ್ಗಾಟದ ಬಳಿಕ ಸಿಕ್ಕ ಪರಿಹಾರ ಒಂದು ಪತ್ರ. ಅಮೆರಿಕದ ರಾಯಭಾರಿ ಜೋಸೆಫ್ ಪ್ರೂಹರ್ ಚೀನಾದ ವಿದೇಶಾಂಗ ಸಚಿವರಿಗೆ ಬರೆದ ಆ ಪತ್ರದಲ್ಲಿ ‘ವೆರಿ ಸಾರಿ’ ಎಂಬ ಮಾತು ಎರಡು ಸಲ ಬರುತ್ತದೆ. ಪೈಲಟ್ಟಿನ ಸಾವಿನ ಬಗ್ಗೆ ಒಮ್ಮೆ, ಅನುಮತಿಯಿಲ್ಲದೆ ಇಳಿದದ್ದರ ಬಗ್ಗೆ ಇನ್ನೊಮ್ಮೆ. ‘ಅಪಾಲಜಿ’ ಎಂಬ ಪದ ಎಲ್ಲೂ ಇಲ್ಲ. ಚೀನಾ ಮೊದಲಿಗೆ ಕೇಳಿದ್ದು ‘ದಾವೊಛಿಯೆನ್’, ಎಂದರೆ ತಪ್ಪೊಪ್ಪಿ ಕ್ಷಮೆ ಯಾಚಿಸುವುದು. ಪತ್ರ ಬಂದ ಮೇಲೆ ಅಲ್ಲಿನ ಸರ್ಕಾರ ತನ್ನ ಜನರಿಗೆ ತಿಳಿಸುವಾಗ ಬಳಸಿದ್ದು ‘ಷೆನ್ ಬಿಯಾವ್ ಛಿಯೆನ್ ಯಿ’, ಎಂದರೆ ಕ್ಷಮೆಯ ಭಾವವನ್ನು ಆಳವಾಗಿ ವ್ಯಕ್ತಪಡಿಸುವುದು ಎಂಬ ಅರ್ಥ ಕೊಡುವ ಮಾತನ್ನು. ಅಮೆರಿಕನ್ನರು ತಾವು ಕ್ಷಮೆ ಕೇಳಲಿಲ್ಲವೆಂದು ಸಮಾಧಾನಪಟ್ಟರು. ಚೀನೀಯರು ಕ್ಷಮೆ ಬಂತೆಂದು ಸಮಾಧಾನಪಟ್ಟರು. ಸಿಬ್ಬಂದಿ ಮನೆಗೆ ಮರಳಿದರು. ಸ್ಪಷ್ಟವಾದ ಪದವೊಂದು ಮಾಡಲಾಗದ ಕೆಲಸವನ್ನು ಎರಡರ್ಥದ ಪದವೊಂದು ಮಾಡಿತ್ತು.

ಆಕಾಶದಲ್ಲಿ ಬರೆದ ಪದ

ಆದರೆ ಎರಡರ್ಥ ಎಲ್ಲ ಕಡೆಯೂ ಸಾಂತ್ವನ ನೀಡದು. ಆಸ್ಟ್ರೇಲಿಯದಲ್ಲಿ ಇಪ್ಪತ್ತನೆಯ ಶತಮಾನದ ಬಹುಭಾಗ, ಸುಮಾರು 1970ರವರೆಗೂ, ಮೂಲನಿವಾಸಿಗಳ ಮಕ್ಕಳನ್ನು ತಂದೆತಾಯಿಯರಿಂದ ಕಸಿದು ಸರ್ಕಾರಿ ಮತ್ತು ಚರ್ಚ್ ಸಂಸ್ಥೆಗಳಿಗೆ, ಬಿಳಿಯರ ಮನೆಗಳಿಗೆ ಒಪ್ಪಿಸಲಾಗುತ್ತಿತ್ತು. ಹೀಗೆ ಬೇರ್ಪಟ್ಟವರನ್ನು ‘ಕಳುವಾದ ಪೀಳಿಗೆಗಳು’ ಎನ್ನುತ್ತಾರೆ. 1997ರಲ್ಲಿ ಈ ಕುರಿತ ವಿಚಾರಣಾ ವರದಿ ಸಂಸತ್ತಿನ ಮುಂದೆ ಬಂದು, ದೇಶ ಕ್ಷಮೆ ಕೇಳಬೇಕೆಂದು ಶಿಫಾರಸು ಮಾಡಿತು. ಮರುವರ್ಷದಿಂದ ಮೇ 26ನ್ನು ಜನರೇ ‘ಸಾರಿ ದಿನ’ವೆಂದು ಆಚರಿಸತೊಡಗಿದರು. ಊರೂರುಗಳಲ್ಲಿ ಇಟ್ಟ ‘ಸಾರಿ ಪುಸ್ತಕ’ಗಳಲ್ಲಿ ಸಾಮಾನ್ಯರು ಸಾಲುಗಟ್ಟಿ ಸಹಿ ಹಾಕಿದರು.

ಅಂದಿನ ಪ್ರಧಾನಿ ಜಾನ್ ಹೊವಾರ್ಡ್ ಮಾತ್ರ ಒಪ್ಪಲಿಲ್ಲ. ಹಿಂದಿನವರು ಮಾಡಿದ್ದಕ್ಕೆ ಇಂದಿನವರು ಹೊಣೆಯಲ್ಲ ಎಂಬುದು ಅವರ ವಾದ. 1999ರಲ್ಲಿ ಅವರು ಮಂಡಿಸಿದ ನಿರ್ಣಯದಲ್ಲಿ ಆಳವಾದ ವಿಷಾದವಿತ್ತು, ‘ಸಾರಿ’ ಇರಲಿಲ್ಲ. 2000ದ ಮೇ 28ರಂದು ಸುಮಾರು ಎರಡೂವರೆ ಲಕ್ಷ ಜನ ಸಿಡ್ನಿಯ ಬಂದರು ಸೇತುವೆಯ ಮೇಲೆ ನಡೆದಾಗ, ಮೇಲೆ ವಿಮಾನವೊಂದು ಹೊಗೆಯಿಂದ ನೀಲಿ ಆಕಾಶದಲ್ಲಿ ‘ಸಾರಿ’ ಎಂದು ಬರೆಯಿತು. ಒಂದು ದೇಶದ ರಾಜಕೀಯವೆಲ್ಲ ಒಂದು ಪದದ ಸುತ್ತ ತಿರುಗಿತ್ತು. ಕೊನೆಗೆ 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಆ ಪದವನ್ನು ಆಡಿದರು, ಮತ್ತೆ ಮತ್ತೆ ಆಡಿದರು. ಪ್ರೇಕ್ಷಕರ ಗ್ಯಾಲರಿಯಲ್ಲಿ ಕುಳಿತಿದ್ದ ವೃದ್ಧರು ಅತ್ತರು.

ಅಲ್ಲಿನ ಮೂಲನಿವಾಸಿಗಳು ಆಡುವ ಇಂಗ್ಲಿಷಿನಲ್ಲಿ ‘ಸಾರಿ ಬಿಸಿನೆಸ್’ ಎಂಬ ಮಾತಿದೆ. ಅದರ ಅರ್ಥ ಸಾವು, ಶೋಕ, ಉತ್ತರಕ್ರಿಯೆಗಳ ಆಚರಣೆ. ಎಂದರೆ, ಸಾವಿರ ವರ್ಷ ಹಿಂದಿನ ‘ನೊಂದಿದ್ದೇನೆ’ ಎಂಬ ಅರ್ಥ ಅವರ ಬಾಯಲ್ಲಿ ಜೀವಂತವಾಗಿದೆ. ಅವರಿಗೆ ಬೇಕಾಗಿದ್ದುದು ಎರಡೂ ಅರ್ಥ. ದೇಶ ತಮ್ಮೊಡನೆ ಶೋಕಿಸಬೇಕು, ಜೊತೆಗೆ ತಪ್ಪನ್ನೂ ಒಪ್ಪಬೇಕು. ಆ ದಿನದ ನಿರ್ಣಯದಲ್ಲಿ ಹಣದ ಪರಿಹಾರದ ಮಾತಿರಲಿಲ್ಲ. ಕೇಂದ್ರದ ನೇರ ಆಡಳಿತದಲ್ಲಿದ್ದ ಪ್ರದೇಶಗಳ ಸಂತ್ರಸ್ತರಿಗೆ ಪರಿಹಾರ ಯೋಜನೆ ಪ್ರಕಟವಾದದ್ದು 2021ರಲ್ಲಿ. ನಮ್ಮ ‘ತಪ್ಪುಕಾಣಿಕೆ’ಯ ತರ್ಕ ಅಲ್ಲಿಗೆ ತಲುಪಲು ಹದಿಮೂರು ವರ್ಷ ಬೇಕಾಯಿತು.

ಭಾರತಕ್ಕೆ ಸಿಕ್ಕದ್ದು, ಸಿಗದಿದ್ದದ್ದು

ಈ ಪದದ ಲೆಕ್ಕಾಚಾರ ಭಾರತೀಯರಿಗೂ ಹೊಸದಲ್ಲ. 1914ರಲ್ಲಿ ‘ಕೊಮಗಾಟ ಮಾರು’ ಎಂಬ ಹಡಗು 376 ಪ್ರಯಾಣಿಕರನ್ನು, ಅವರಲ್ಲಿ ಬಹುಪಾಲು ಸಿಖ್ಖರನ್ನು, ಹೊತ್ತು ಕೆನಡಾದ ವ್ಯಾಂಕೂವರ್ ತಲುಪಿತು. ಬಹುತೇಕರಿಗೆ ಇಳಿಯಲು ಬಿಡದೆ ಎರಡು ತಿಂಗಳ ನಂತರ ಹಡಗನ್ನು ವಾಪಸು ಅಟ್ಟಲಾಯಿತು. ಅದು ಕಲ್ಕತ್ತಾ ಬಳಿಯ ಬಜ್ ಬಜ್ ತಲುಪಿದಾಗ ಬ್ರಿಟಿಷ್ ಆಡಳಿತದ ಗುಂಡಿಗೆ ಹಲವರು ಬಲಿಯಾದರು. 2008ರಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ಉದ್ಯಾನವೊಂದರಲ್ಲಿ ನಡೆದ ಸಭೆಯಲ್ಲಿ ಕ್ಷಮೆ ಕೇಳಿದರು. ಅಲ್ಲಿನ ಸಿಖ್ ಸಂಘಟನೆಗಳು ಅದನ್ನು ಒಪ್ಪಲಿಲ್ಲ. ತಪ್ಪು ನಡೆದದ್ದು ಕಾನೂನಿನ ಹೆಸರಿನಲ್ಲಿ; ಆದ್ದರಿಂದ ಕ್ಷಮೆಯೂ ಕಾನೂನು ಮಾಡುವ ಮನೆಯಲ್ಲೇ ದಾಖಲಾಗಬೇಕು ಎಂಬುದು ಅವರ ನಿಲುವು. 2016ರ ಮೇ 18ರಂದು ಜಸ್ಟಿನ್ ಟ್ರೂಡೊ ಸಂಸತ್ತಿನಲ್ಲೇ ಕ್ಷಮೆ ಕೇಳಿದರು.

ಜಲಿಯನ್‌ವಾಲಾ ಬಾಗ್ ವಿಷಯದಲ್ಲಿ ಹಾಗಾಗಲಿಲ್ಲ. 1919ರ ಏಪ್ರಿಲ್ 13ರ ಆ ಹತ್ಯಾಕಾಂಡದಲ್ಲಿ ಸತ್ತವರು ಬ್ರಿಟಿಷ್ ಸರ್ಕಾರದ ಲೆಕ್ಕದಲ್ಲೇ 379. ಭಾರತೀಯರ ಅಂದಾಜು ಅದಕ್ಕಿಂತ ಬಹಳ ಹೆಚ್ಚು. 2013ರಲ್ಲಿ ಅಲ್ಲಿಗೆ ಭೇಟಿಯಿತ್ತ ಪ್ರಧಾನಿ ಡೇವಿಡ್ ಕ್ಯಾಮರಾನ್ ಅದನ್ನು ನಾಚಿಕೆಗೇಡಿನ ಘಟನೆಯೆಂದು ಸಂದರ್ಶಕರ ಪುಸ್ತಕದಲ್ಲಿ ಬರೆದರು. ಶತಮಾನ ತುಂಬುವ ಮೂರು ದಿನ ಮೊದಲು, 2019ರ ಏಪ್ರಿಲ್ 10ರಂದು, ಪ್ರಧಾನಿ ಥೆರೆಸಾ ಮೇ ಸಂಸತ್ತಿನಲ್ಲಿ ಆಳವಾದ ವಿಷಾದ ಸೂಚಿಸಿದರು. ವಿಷಾದದ ಗೆರೆ ದಾಟಿ ಕ್ಷಮೆಗೆ ಅವರು ಬರಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಸ್ಮಾರಕದ ಮುಂದೆ ನೆಲಕ್ಕೆ ಉದ್ದಂಡ ಮಲಗಿದರು. ತಾನು ಸರ್ಕಾರದ ಪರವಾಗಿ ಮಾತನಾಡಲಾರೆ, ಆದರೆ ನಡೆದದ್ದಕ್ಕೆ ನಾಚಿಕೆಯೂ ನೋವೂ ಇದೆ ಎಂದರು. ಹೇಳುವ ಅಧಿಕಾರವಿದ್ದವರು ಹೇಳಲಿಲ್ಲ, ಅಧಿಕಾರವಿಲ್ಲದವರು ಹೇಳಿದರು.

ಕೋರ್ಟಿನ ಅಂಜಿಕೆ

ಸರ್ಕಾರಗಳು ‘ಸಾರಿ’ಗೆ ಹಿಂಜರಿಯಲು ಅಹಂಕಾರವೊಂದೇ ಕಾರಣವಲ್ಲ. ತಪ್ಪೊಪ್ಪಿಕೊಂಡರೆ ಪರಿಹಾರ ಕೊಡಬೇಕಾದೀತೆಂಬ ಭಯವೂ ಇದೆ. ಇದೇ ಭಯ ಸಾಮಾನ್ಯರ ಬಾಯಿಯನ್ನೂ ಕಟ್ಟುತ್ತದೆ. ಅಪಘಾತ ಮಾಡಿದ ಚಾಲಕ ‘ಸಾರಿ’ ಎಂದರೆ, ಎದುರು ವಕೀಲರು ಅದನ್ನೇ ತಪ್ಪೊಪ್ಪಿಗೆಯೆಂದು ಕೋರ್ಟಿನಲ್ಲಿ ಎತ್ತಿ ತೋರಿಸಬಹುದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಶಾಸಕರೊಬ್ಬರ ಮಗಳು ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ಕಾರು ಬಡಿದು ಸತ್ತಳು. ಕಾರು ಓಡಿಸಿದವನು ಒಂದು ಸಂತಾಪದ ಮಾತನ್ನೂ ಆಡಲಿಲ್ಲ. ಆಡಿದರೆ ಅದು ತನ್ನ ವಿರುದ್ಧ ಸಾಕ್ಷ್ಯವಾದೀತೆಂಬ ಅಂಜಿಕೆ ಅದಕ್ಕೆ ಕಾರಣವೆಂದು ತಿಳಿದ ಆ ತಂದೆಯ ಪ್ರಯತ್ನದ ಫಲವಾಗಿ, ಸಂತಾಪದ ಮಾತನ್ನು ಸಾಕ್ಷ್ಯವಾಗಿ ಬಳಸಬಾರದೆಂಬ ಕಾನೂನು 1986ರಲ್ಲಿ ಅಲ್ಲಿ ಬಂತು. ಇಂದು ಅಮೆರಿಕದ ಮೂವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಇಂಥ ಕಾನೂನುಗಳಿವೆ.

ಅವುಗಳಲ್ಲಿ ಹೆಚ್ಚಿನವು ಪದವನ್ನು ಅದರ ಹಳೆಯ ಬಿರುಕಿನಲ್ಲೇ ಸೀಳುತ್ತವೆ. ‘ನಿಮಗಾದದ್ದು ಕೇಳಿ ನೋವಾಯಿತು’ ಎಂಬ ‘ಸಾರಿ’ಗೆ ರಕ್ಷಣೆಯಿದೆ, ‘ನನ್ನದೇ ತಪ್ಪು’ ಎಂಬ ‘ಸಾರಿ’ಗೆ ಇಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯ 2006ರಲ್ಲಿ, ಆಂಟೇರಿಯೊ 2009ರಲ್ಲಿ ಮಾಡಿದ ಕಾನೂನುಗಳು ಎರಡಕ್ಕೂ ರಕ್ಷಣೆ ಕೊಟ್ಟವು. ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಗಳು 2001ರಿಂದ ಒಂದು ಹೆಜ್ಜೆ ಮುಂದೆ ಹೋಗಿ, ಚಿಕಿತ್ಸೆಯಲ್ಲಿ ತಪ್ಪಾದಾಗ ರೋಗಿಗೆ ತಾವೇ ತಿಳಿಸಿ, ಕ್ಷಮೆ ಕೇಳಿ, ಪರಿಹಾರ ಕೊಡುವ ಪದ್ಧತಿ ತಂದವು. ದಾವೆಗಳು ಹೆಚ್ಚಲಿಲ್ಲ, ಕಡಿಮೆಯಾದವು. ನೊಂದವರಲ್ಲಿ ಅನೇಕರು ಕೋರ್ಟಿಗೆ ಹೋಗುವುದು ಹಣಕ್ಕಿಂತ ಮೊದಲು ಒಂದು ನೇರ ಉತ್ತರಕ್ಕಾಗಿ ಎಂಬುದು ಇದರಿಂದ ತಿಳಿಯುತ್ತದೆ.

ಇಷ್ಟೆಲ್ಲ ಪ್ರಸಂಗಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ‘ಸಾರಿ’ಯ ಬೆಲೆ ಆ ಪದದಲ್ಲಿಲ್ಲ. ಯಾರು, ಯಾರಿಗೆ, ಯಾವುದಕ್ಕಾಗಿ, ಎಲ್ಲಿ ನಿಂತು ಹೇಳಿದರು, ಹೇಳಿದ ಮೇಲೆ ಏನು ಮಾಡಿದರು ಎಂಬುದರಲ್ಲಿದೆ. ಇವುಗಳಿಗೆ ಉತ್ತರವಿದ್ದರೆ ಅದು ತಪ್ಪೊಪ್ಪಿಗೆ. ಇಲ್ಲದಿದ್ದರೆ ಬರಿಯ ಮರುಕ. ಮರುಕವೂ ಕೀಳಲ್ಲ. ಸಾವಿನ ಸುದ್ದಿ ಕೇಳಿ ಎದ್ದು ಬಂದ ಆ ಸಹೋದ್ಯೋಗಿಯಿಂದ ಯಾರೂ ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವುದಿಲ್ಲ. ಕಾಲು ತುಳಿದವನು ಮಾತ್ರ ಮರುಕ ತೋರಿಸಿ ಹೊರಟುಬಿಟ್ಟರೆ ಅದು ಅನ್ಯಾಯ.

ಇಂಗ್ಲಿಷಿನ ‘ಸಾರಿ’ ಬರುವ ಮೊದಲೇ ಕನ್ನಡದಲ್ಲಿ ಅದೇ ದನಿಯ ಬೇರೊಂದು ಮಾತಿತ್ತು. ‘ಸಾರಿ ಹೇಳು’ ಎಂದರೆ ಡಂಗುರ ಹೊಡೆದಂತೆ ಎಲ್ಲರಿಗೂ ಕೇಳುವ ಹಾಗೆ ಹೇಳುವುದು. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಎಲ್ಲರೆದುರು ನಡೆದ ತಪ್ಪಿಗೆ ಬೇಕಾದದ್ದು ಅಂಥ ‘ಸಾರಿ’ಯೇ.